ಬಯಲಲ್ಲಿ ಸೌದೆ ಒಲೆಯ ಅಡುಗೆ: ಜಾಗ ಹುಡುಕುವುದರಿಂದ ಬೂದಿ ತಣಿಯುವವರೆಗೆ

ಟೆಂಟ್ ಹಾಕಿ ಬಯಲಲ್ಲೇ ಅಡುಗೆ ಮಾಡಲು ಹೊರಟವರ ದೂರುಗಳು ಹೆಚ್ಚೂಕಡಿಮೆ ಒಂದೇ ತರ ಇರುತ್ತವೆ. ಬೆಂಕಿ ಹತ್ತಲಿಲ್ಲ, ಹತ್ತಿದರೂ ಬರೀ ಹೊಗೆ, ಅನ್ನ ತಳ ಸೀದು ಮೇಲೆ ಅಕ್ಕಿಯಾಗೇ ಉಳಿಯಿತು, ಕೋಳಿ ಹೊರಗೆ ಕರಿ, ಒಳಗೆ ಹಸಿ. ಇದರಲ್ಲಿ ಅಡುಗೆಯ ತಪ್ಪು ಕಡಿಮೆ, ಬೆಂಕಿಯ ತಪ್ಪೇ ಹೆಚ್ಚು. ಗ್ಯಾಸ್ ಒಲೆಗಾದರೆ ಉರಿ ಏರಿಸಿ ಇಳಿಸಲು ತಿರುಪು ಇದೆ. ಸೌದೆ ಒಲೆಗೆ ತಿರುಪಿಲ್ಲ, ಅದರ ಬದಲು ಎರಡು ಜಾಗ ಮಾಡಿಕೊಳ್ಳಬೇಕು: ಒಂದು ಕಡೆ ಉರಿ, ಪಕ್ಕದಲ್ಲಿ ಕೆಂಡ. ನೀರು ಕುದಿಸುವುದು ಉರಿಯ ಮೇಲೆ. ಬೇಯಿಸುವುದು, ಸುಡುವುದು, ಬಿಸಿ ಕಾಯುವುದು ಎಲ್ಲ ಕೆಂಡದ ಮೇಲೆ. ಇದೊಂದನ್ನು ಪಾಲಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಇಲ್ಲಿ ಕೊಟ್ಟಿರುವ ಅಳತೆಗಳು ಐದು ಜನರ ಒಂದು ಹೊತ್ತಿನ ಊಟಕ್ಕೆ: ಅನ್ನ, ತೊಗರಿಬೇಳೆ ಸಾರು, ಸುಟ್ಟ ಬದನೆಕಾಯಿ ಗೊಜ್ಜು, ಜೊತೆಗೆ ಕಾಫಿ.

## ಹೊರಡುವ ಮುನ್ನ: ಎಲ್ಲಿ ಹಚ್ಚಬಹುದು, ಎಲ್ಲಿ ಕೂಡದು

ಕರ್ನಾಟಕದ ಮೀಸಲು ಅರಣ್ಯ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ನಿಮ್ಮಷ್ಟಕ್ಕೆ ನೀವು ಟೆಂಟ್ ಹಾಕಿ ಬೆಂಕಿ ಹಚ್ಚುವಂತಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡರಲ್ಲೂ ಇದು ಅಪರಾಧ. ಚಾರಣಕ್ಕೆ ಅನುಮತಿ ಸಿಕ್ಕಿದೆ ಎಂದರೆ ಬೆಂಕಿಗೂ ಸಿಕ್ಕಿದೆ ಎಂದಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಸುಟ್ಟಿದ್ದನ್ನು ನೋಡಿದವರಿಗೆ ಈ ಕಟ್ಟುನಿಟ್ಟು ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಎಲ್ಲಿ? ನಿಮ್ಮದೇ ಅಥವಾ ನೆಂಟರ ಹೊಲ, ಗದ್ದೆಬಯಲು, ಮಾಲೀಕರು ಒಪ್ಪಿದ ಕಾಫಿ ಇಲ್ಲವೇ ಅಡಿಕೆ ತೋಟದ ಕಣ, ಬೆಂಕಿಗೆಂದೇ ಜಾಗ ಮಾಡಿಟ್ಟ ಹೋಂಸ್ಟೇ. ತೋಟದ ಕಣ ಎಲ್ಲಕ್ಕಿಂತ ವಾಸಿ. ನೆಲ ಗಟ್ಟಿ, ತರಗು ಇಲ್ಲ, ತಲೆ ಮೇಲೆ ಕೊಂಬೆ ಇಲ್ಲ.

ಸಕಲೇಶಪುರ, ಆಲೂರು, ಮೂಡಿಗೆರೆ, ಕೊಡಗಿನ ತೋಟಗಳಾದರೆ ಇನ್ನೊಂದು ಮಾತು ಕೇಳಬೇಕು: ಆನೆ ಈ ವಾರ ಎಲ್ಲಿದೆ? ಈ ಪ್ರಶ್ನೆಗೆ ಸರಿಯಾದ ಉತ್ತರ ತೋಟದ ರೈಟರು ಮತ್ತು ಕೆಲಸಗಾರರ ಹತ್ತಿರ ಸಿಗುತ್ತದೆ, ಫೋನಿನ ನಕ್ಷೆಯಲ್ಲಿ ಸಿಗುವುದಿಲ್ಲ. ಬೆಂಕಿ ಕಂಡರೆ ಆನೆ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ರಾತ್ರಿ ಕಳೆಯಬೇಡಿ. ಅಕ್ಕಿ, ಉಪ್ಪು, ಹಲಸಿನ ಹಣ್ಣಿನ ವಾಸನೆಗೆ ಅದು ಅಡುಗೆಮನೆಯ ಗೋಡೆಯನ್ನೇ ಒಡೆದದ್ದಿದೆ.

ಫೆಬ್ರುವರಿಯಿಂದ ಮೊದಲ ಮಳೆ ಬೀಳುವವರೆಗೆ ಹುಲ್ಲುಗಾವಲಿನ ಅಂಚಿನಲ್ಲಿ ಬೆಂಕಿಯೇ ಬೇಡ. ಗ್ಯಾಸ್ ಸ್ಟವ್ ಒಯ್ಯಿರಿ.

## ಒಯ್ಯಬೇಕಾದ ಸಾಮಾನು

- ಎರಡು ದಪ್ಪ ತಳದ ಅಲ್ಯೂಮಿನಿಯಂ ಅಥವಾ ಸ್ಟೀಲ್ ಪಾತ್ರೆ: ಅನ್ನಕ್ಕೆ 7–8 ಲೀಟರಿನದು, ಸಾರಿಗೆ 4 ಲೀಟರಿನದು. ಹಿಡಿಗೆ ಪ್ಲಾಸ್ಟಿಕ್ ಇರಕೂಡದು.
- ಒಗ್ಗರಣೆಗೆ ಸಣ್ಣ ಕಬ್ಬಿಣದ ಬಾಣಲೆ.
- ಉದ್ದ ಇಕ್ಕಳ, ಹತ್ತಿಯ ದಪ್ಪ ಮಸಿಬಟ್ಟೆ ಎರಡು.
- ಊದುಗೊಳವೆ. ಎರಡು ಅಡಿಯ ಕಬ್ಬಿಣದ ಪೈಪ್ ಸಾಕು.
- ಮಚ್ಚು, ಗುದ್ದಲಿ ಅಥವಾ ಸಲಿಕೆ.
- ಬೆಂಕಿಪೊಟ್ಟಣ ಎರಡು, ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ.
- ಬೆಂಕಿಗೆಂದೇ ಮೀಸಲಾದ 15 ಲೀಟರ್ ನೀರು. ಕುಡಿಯುವ, ಅಡುಗೆಯ ನೀರಿನ ಲೆಕ್ಕಕ್ಕೆ ಇದನ್ನು ಸೇರಿಸಬಾರದು.

ಕುಕ್ಕರ್ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಉರಿಯ ನಾಲಿಗೆ ಬದಿಯಿಂದ ಮೇಲೆದ್ದು ಹಿಡಿಯನ್ನೂ ಗ್ಯಾಸ್ಕೆಟ್ಟನ್ನೂ ಸುಡುತ್ತದೆ. ಸೀಟಿ ಹೊಡೆದಾಗ ಉರಿ ತಗ್ಗಿಸಲು ದಾರಿಯಿಲ್ಲ, ಬಿಸಿ ಕುಕ್ಕರನ್ನು ಇಳಿಸುವುದೂ ಅಪಾಯ.

ಬಟ್ಟೆಯ ವಿಷಯ: ನೈಲಾನ್ ಜಾಕೆಟ್, ಪಾಲಿಯೆಸ್ಟರ್ ಪ್ಯಾಂಟು ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತವೆ. ಒಲೆ ಮುಂದೆ ಕೂರುವವರು ಹತ್ತಿ ಬಟ್ಟೆ ಹಾಕಿಕೊಳ್ಳಲಿ. ಸೆರಗು, ದುಪಟ್ಟಾ, ಮಫ್ಲರ್ ಎಲ್ಲ ಬಿಗಿಯಾಗಿ ಸಿಕ್ಕಿಸಿರಬೇಕು.

## ಹಂತ 1: ನೆಲ ಹದ ಮಾಡಿ

ಸಂಜೆ ನಾಲ್ಕಕ್ಕೆ ಕೆಲಸ ಶುರುವಾಗಬೇಕು. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಕತ್ತಲಾದ ಮೇಲೆ ಸೌದೆ ಹುಡುಕಲು ಹೊರಟರೆ ಹಸಿ ಯಾವುದು ಒಣಗಿದ್ದು ಯಾವುದು ತಿಳಿಯುವುದಿಲ್ಲ, ಹಾವು ಚೇಳಿನ ಭಯ ಬೇರೆ.

ಟೆಂಟಿನಿಂದ ಕನಿಷ್ಠ 5 ಮೀಟರ್ ದೂರ, ಗಾಳಿ ಟೆಂಟಿನ ಕಡೆಯಿಂದ ಒಲೆಯ ಕಡೆಗೆ ಬೀಸುವಂತೆ ಜಾಗ ನೋಡಿ. ಒಂದು ಹಿಡಿ ಒಣ ಮಣ್ಣನ್ನು ಎತ್ತರದಿಂದ ಬಿಟ್ಟರೆ ಗಾಳಿ ಯಾವ ಕಡೆ ಎಂದು ಗೊತ್ತಾಗುತ್ತದೆ. ಒಲೆಯ ಸುತ್ತ ಒಂದೂವರೆ ಮೀಟರ್ ಆಚೆವರೆಗೆ ತರಗು, ಹುಲ್ಲು ಕೆರೆದು ಬರೀ ಮಣ್ಣು ಕಾಣುವಂತೆ ಮಾಡಿ.

ಇಲ್ಲಿ ಆಗುವ ತಪ್ಪು ಮೇಲ್ನೋಟಕ್ಕೆ ಕಾಣುವುದಿಲ್ಲ. ಮರದ ಕೆಳಗಿನ ಕಪ್ಪು ಮಣ್ಣು ಎಷ್ಟೋ ಕಡೆ ಮಣ್ಣೇ ಅಲ್ಲ, ಕೊಳೆತ ಎಲೆ ಮತ್ತು ಬೇರು. ಅದಕ್ಕೆ ಬೆಂಕಿ ಹಿಡಿದರೆ ಒಳಗೊಳಗೇ ಹೊಗೆಯಾಡುತ್ತಾ ಮರುದಿನ ಎರಡು ಮಾರು ಆಚೆ ಏಳಬಹುದು. ಗುದ್ದಲಿಯಿಂದ ಒಂದು ಗೇಣು ಅಗೆದು ನೋಡಿ. ಬೇರಿನ ಬಲೆ, ಮೆತ್ತನೆಯ ನಾರು ಕಂಡರೆ ಜಾಗ ಬದಲಿಸಿ.

## ಹಂತ 2: ಸೌದೆ, ಹಚ್ಚುವುದಕ್ಕೂ ಮೊದಲು ಪೂರ್ತಿಯಾಗಿ

ಬೆಂಕಿ ಹತ್ತಿದ ಮೇಲೆ ಸೌದೆ ತರಲು ಯಾರೂ ಏಳಬಾರದು. ಒಂದು ಹೊತ್ತಿನ ಊಟಕ್ಕೆ ಸುಮಾರು 8 ಕಿಲೋ ಒಣ ಸೌದೆ ಹಿಡಿಯುತ್ತದೆ. ಗಾಳಿ ಇದ್ದರೆ ಇನ್ನೆರಡು ಕಿಲೋ. ನಾಲ್ಕು ರಾಶಿ ಮಾಡಿ:

1. ಹೊತ್ತಿಕೊಳ್ಳಲು: ಎರಡು ಬೊಗಸೆ ತೆಂಗಿನ ನಾರು, ಒಣ ಹುಲ್ಲು ಅಥವಾ ಸಣ್ಣಗೆ ಸೀಳಿದ ಅಡಿಕೆ ಹಾಳೆ.
2. ಪುರಳೆ: ಬೆಂಕಿಕಡ್ಡಿಯಿಂದ ಪೆನ್ಸಿಲ್ ದಪ್ಪದವರೆಗೆ, ಎರಡು ಕೈ ಸೇರಿಸಿ ಹಿಡಿಯುವಷ್ಟು.
3. ಹೆಬ್ಬೆರಳು ದಪ್ಪದ ಕಡ್ಡಿ, ಒಂದು ತೋಳು.
4. ಮಣಿಕಟ್ಟು ದಪ್ಪದ ಸೌದೆ, ಎರಡಡಿ ಉದ್ದ, ಹತ್ತು ಹನ್ನೆರಡು ತುಂಡು.

ಸೋಲುವವರೆಲ್ಲ ಸೋಲುವುದು ಎರಡನೇ ರಾಶಿಯಲ್ಲಿ. ನಾರಿಗೆ ಕಡ್ಡಿ ಗೀರಿ, ಅದರ ಮೇಲೆ ನೇರವಾಗಿ ದಪ್ಪ ಸೌದೆ ಇಡುತ್ತಾರೆ. ನಾರು ಒಂದೇ ನಿಮಿಷದಲ್ಲಿ ಉರಿದುಹೋಗುತ್ತದೆ. ದಪ್ಪ ಸೌದೆ ಬಿಸಿಯಾಗಿ ಹೊತ್ತಿಕೊಳ್ಳಲು ಐದಾರು ನಿಮಿಷ ಬೇಕು. ನಡುವಿನ ಆ ನಾಲ್ಕೈದು ನಿಮಿಷ ದಾಟಿಸುವುದು ಪುರಳೆ. ಸಾಕು ಅನ್ನಿಸಿದ ಮೇಲೂ ಅಷ್ಟೇ ಇನ್ನೊಮ್ಮೆ ಆರಿಸಿ.

ಒಣಗಿದೆಯೇ ನೋಡಲು ಕಡ್ಡಿ ಮುರಿಯಿರಿ. ಲಟಕ್ ಎಂದು ಮುರಿದರೆ ಸರಿ, ಬಾಗಿ ನಾರು ಬಿಟ್ಟರೆ ಹಸಿ. ದಪ್ಪದ ಎರಡು ತುಂಡನ್ನು ಒಂದಕ್ಕೊಂದು ಬಡಿದಾಗ ಠಣ್ ಎನ್ನಬೇಕು, ದಬ್ ಎನ್ನಬಾರದು. ಉರಿಯುವಾಗ ತುದಿಯಲ್ಲಿ ಸುಯ್ ಎಂದು ನೊರೆ ಬಂದರೆ ಆ ತುಂಡನ್ನು ಹೊರಗೆಳೆದು ಒಲೆ ಪಕ್ಕ ಒಣಗಲು ಇಡಿ. ಮಳೆಗಾಲದಲ್ಲಿ ಹೊರಗೆ ನೆನೆದ ದಪ್ಪ ಸೌದೆಯನ್ನು ಸೀಳಿದರೆ ತಿರುಳು ಒಣಗಿರುತ್ತದೆ. ಸಣ್ಣ ಕಡ್ಡಿಗಳದ್ದು ಆ ಕಥೆಯಲ್ಲ, ಅವು ಪೂರ್ತಿ ನೆನೆದಿರುತ್ತವೆ. ಆಗ ಪುರಳೆಯನ್ನೂ ದಪ್ಪ ತುಂಡಿನಿಂದಲೇ ಚಕ್ಕೆ ತೆಗೆದು ಮಾಡಿಕೊಳ್ಳಬೇಕು.

ಯಾವ ಮರ? ಕೆಂಡಕ್ಕೆ ಜಾಲಿ, ಹುಣಸೆ, ಸರ್ವೆ. ಇವು ನಿಧಾನ ಹತ್ತುತ್ತವೆ, ಹತ್ತಿದರೆ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಹಳೆ ಕಾಫಿ ಗಿಡದ ಬೊಡ್ಡೆಯೂ ಒಳ್ಳೆಯದು. ಬೇಗ ಉರಿ ಬೇಕೆಂದರೆ ತೆಂಗಿನ ಗರಿ, ಒಣ ಲಂಟಾನ. ಇವಕ್ಕೆ ಕೆಂಡ ನಿಲ್ಲದು. ತೆಂಗಿನ ಚಿಪ್ಪು ಐದಾರು ಇದ್ದರೆ ಕೊನೆಗೆ ಕೆಂಡದ ಮೇಲೆ ಹಾಕಲು ಇಟ್ಟುಕೊಳ್ಳಿ. ಬಿದಿರನ್ನು ಸೀಳದೆ ಹಾಕಬೇಡಿ, ಗಿಣ್ಣುಗಳ ನಡುವೆ ಸಿಕ್ಕ ಗಾಳಿ ಬಿಸಿಯಾಗಿ ಪಟಾಕಿ ಹೊಡೆದಂತೆ ಸಿಡಿಯುತ್ತದೆ.

ಮುಟ್ಟಲೇಬಾರದವು: ಕಣಗಿಲೆ (ಗಿಡವಿಡೀ ವಿಷ, ಅದರ ಕಡ್ಡಿಗೆ ಮಾಂಸ ಚುಚ್ಚಿ ಸುಡುವುದಂತೂ ಕೂಡದು), ಮಲೆನಾಡಿನ ಹೊಳಗೇರು (ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ), ಕಳ್ಳಿ, ಗೋಡಂಬಿಯ ಸಿಪ್ಪೆ, ಬಣ್ಣ ಬಳಿದ ಹಲಗೆ, ಪ್ಲೈವುಡ್. ಮರದ ಗುರುತು ಸಿಗದಿದ್ದರೆ ತೋಟದವರನ್ನೇ ಕೇಳಿ.

## ಹಂತ 3: ಒಲೆ ಕಟ್ಟುವುದು

ಹೊಳೆಯಿಂದ ಎತ್ತಿದ ನುಣುಪು ಕಲ್ಲು ಬೇಡ. ಒಳಗೆ ಸೇರಿದ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ, ಚೂರು ಕಣ್ಣಿಗೇ ಬರುತ್ತದೆ. ಹೊಲದ ಒಣ ಕಲ್ಲು ಅಥವಾ ಇಟ್ಟಿಗೆ ಸಾಕು.

ಉರಿಯ ಒಲೆ: ಸುಮಾರು 15 ಸೆಂಟಿಮೀಟರ್ ಎತ್ತರದ ಮೂರು ಕಲ್ಲು. ಪಾತ್ರೆ ಇಟ್ಟು, ನೀರು ತುಂಬಿ, ಅಲುಗಾಡಿಸಿ ನೋಡಿ. ಬೆಂಕಿ ಹಚ್ಚಿದ ಮೇಲೆ ಕಲ್ಲು ಸರಿಪಡಿಸಲಾಗದು. ತಳ ತೀರಾ ಕೆಳಗಿದ್ದರೆ ಉರಿಗೆ ಉಸಿರಿಲ್ಲದೆ ಹೊಗೆ, ತೀರಾ ಮೇಲಿದ್ದರೆ ಬಿಸಿ ಗಾಳಿಪಾಲು. ಒಲೆಯ ಬಾಯಿ ಗಾಳಿ ಬರುವ ಕಡೆಗಿರಲಿ. ಗಾಳಿ ಜೋರಾದರೆ ಬಾಯಿಯನ್ನು ಓರೆಗೆ ತಿರುಗಿಸಿ, ಅಡ್ಡಲಾಗಿ ಒಂದು ಕಲ್ಲಿಡಿ.

ಕೆಂಡದ ಒಲೆ: ಅದರ ಪಕ್ಕದಲ್ಲೇ, ಒಂದು ಮೊಳ ದೂರ. 7–8 ಸೆಂಟಿಮೀಟರ್ ಎತ್ತರದ ಮೂರು ಸಣ್ಣ ಕಲ್ಲು. ನಡುವೆ ಕೆಂಡ ಎಳೆದುಕೊಳ್ಳಲು ಅಡ್ಡಿ ಏನೂ ಇರಬಾರದು. ಈ ಎರಡನೇ ಒಲೆಯನ್ನೇ ಜನ ಬಿಟ್ಟುಬಿಡುತ್ತಾರೆ.

ಪಾತ್ರೆಗಳ ಹೊರಮೈಗೆ ಈಗಲೇ ಮಣ್ಣು ಮೆತ್ತಿ. ಜರಡಿ ಹಿಡಿದ ಬೂದಿ ಅಥವಾ ಜೇಡಿಮಣ್ಣನ್ನು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ತಳಕ್ಕೂ ಅರ್ಧ ಬದಿಯವರೆಗೂ ಅಂಗೈಯಿಂದ ತೆಳುವಾಗಿ ಬಳಿಯಿರಿ. ಐದು ನಿಮಿಷ ಒಣಗಲಿ. ಅಡುಗೆ ಮುಗಿದ ಮೇಲೆ ಮಸಿಯೆಲ್ಲ ಆ ಮಣ್ಣಿನ ಜೊತೆಗೇ ಹಕ್ಕಳೆಯಾಗಿ ಕಳಚಿಬರುತ್ತದೆ. ಮೆತ್ತಲು ಮರೆತವರು ಅರ್ಧ ಗಂಟೆ ಉಜ್ಜಬೇಕು.

## ಹಂತ 4: ಹಚ್ಚುವುದು

ನೆಲ ತೇವವಿದ್ದರೆ ಅಡಿಗೆ ಒಂದು ಒಣ ಅಡಿಕೆ ಹಾಳೆ ಅಥವಾ ಸಾಲಾಗಿ ಜೋಡಿಸಿದ ನಾಲ್ಕು ಕಡ್ಡಿ ಹಾಸಿ. ಅದರ ಮೇಲೆ ನಾರು, ನಾರಿನ ಮೇಲೆ ಪುರಳೆಯ ಅರ್ಧ ಭಾಗವನ್ನು ಸಡಿಲವಾಗಿ, ಗೋಪುರದಂತೆ ನಿಲ್ಲಿಸಿ. ಕಡ್ಡಿಗಳ ನಡುವೆ ಬೆರಳು ತೂರಬೇಕು. ಗಾಳಿ ಬರುವ ಕಡೆಯಿಂದ, ಕೆಳಗಡೆ ಹಚ್ಚಿ.

ಹತ್ತಲು ಮೊಂಡು ಹಿಡಿದರೆ ಎರಡು ಮೂರು ಬಿಲ್ಲೆ ಕರ್ಪೂರ ಅಥವಾ ಎಣ್ಣೆಯಲ್ಲಿ ಅದ್ದಿದ ಬತ್ತಿ ಸಾಕು. ಪೆಟ್ರೋಲ್ ಬೇಡ, ಅದರ ಆವಿ ನೆಲದ ಮೇಲೆ ಹರಡಿ ನಿಮ್ಮ ಕಾಲಿನವರೆಗೆ ಬಂದು ಹೊತ್ತಿಕೊಳ್ಳುತ್ತದೆ. ಆರಿದಂತೆ ಕಂಡ ಒಲೆಗೆ ಸೀಮೆಎಣ್ಣೆ ಸುರಿಯುವುದೂ ಅಷ್ಟೇ ಅಪಾಯ. ಬಿಸಿ ಬೂದಿಗೆ ತಾಗಿದ ಎಣ್ಣೆ ಆವಿಯಾಗಿ ಒಮ್ಮೆಲೇ ಭುಗ್ಗೆನ್ನುತ್ತದೆ.

ಪುರಳೆ ಚಟಪಟ ಎನ್ನುವಾಗ ಉಳಿದರ್ಧ ಹಾಕಿ. ಉರಿ ಒಂದು ಗೇಣು ಎದ್ದ ಮೇಲೆ ಹೆಬ್ಬೆರಳು ದಪ್ಪದ್ದು, ಅದು ಎಲ್ಲ ಬದಿಯಲ್ಲೂ ಹತ್ತಿದ ಮೇಲೆ ಮಣಿಕಟ್ಟು ದಪ್ಪದ್ದು ಮೂರು. ಒಂದೊಂದು ಕಲ್ಲಿನ ಸಂದಿಯಿಂದ ಒಂದೊಂದು, ತುದಿಗಳು ನಡುವೆ ಸೇರುವಂತೆ. ಉರಿದಷ್ಟು ಒಳಗೆ ತಳ್ಳುತ್ತಾ ಹೋಗಿ. ಉರಿ ಜಾಸ್ತಿಯಾದರೆ ಹಿಂದಕ್ಕೆಳೆಯಿರಿ.

ಹೊಗೆ ಬಿಳಿಯಾಗಿ ದಟ್ಟವಾಗಿದ್ದರೆ ಸೌದೆ ಹಸಿ, ಇಲ್ಲವೇ ಒಲೆಯ ಬಾಯಿ ಕಿಕ್ಕಿರಿದಿದೆ. ಹೆಚ್ಚಿನ ಸಲ ಎರಡನೆಯದೇ ಕಾರಣ. ಇನ್ನಷ್ಟು ಸೌದೆ ತುರುಕುವ ಬದಲು ಒಂದನ್ನು ಹೊರಗೆ ತೆಗೆದು, ಊದುಗೊಳವೆಯನ್ನು ಕೆಂಡದ ಬುಡಕ್ಕೆ ಹಿಡಿದು ನಿಧಾನವಾಗಿ, ಉದ್ದ ಉಸಿರಿನಲ್ಲಿ ಊದಿ. ಉರಿಯ ಮೇಲ್ಭಾಗಕ್ಕೆ ಊದಿದರೆ ಬೂದಿ ಹಾರುತ್ತದೆ ಅಷ್ಟೇ.

## ಹಂತ 5: ಅಡುಗೆ, ಇದೇ ಕ್ರಮದಲ್ಲಿ

ನಾಲ್ಕಕ್ಕೆ ಬಂದ ಕೂಡಲೇ 300 ಗ್ರಾಂ ತೊಗರಿಬೇಳೆ ನೆನೆಹಾಕಿರಬೇಕು. ಮುಕ್ಕಾಲು ಕಿಲೋ ಸೋನಾ ಮಸೂರಿ ಅಕ್ಕಿಯನ್ನು ಬೆಂಕಿ ಹಚ್ಚಿದ ಮೇಲೆ ತೊಳೆದಿಟ್ಟರೂ ಸಾಕು.

4.45ಕ್ಕೆ ಬೆಂಕಿ. ಮೊದಲ ಹತ್ತು ನಿಮಿಷದ ಉರಿ ಎತ್ತೆತ್ತಲೋ ಹಾರಾಡುತ್ತದೆ, ಯಾವುದೂ ಹದವಾಗಿ ಬೇಯದು. ಅದಕ್ಕೆ ಕಾಫಿ ನೀರು ಇಡಿ.

5.05ಕ್ಕೆ ಬೇಳೆ. ಒಂದೂವರೆ ಲೀಟರ್ ನೀರು, ಚಿಟಿಕೆ ಅರಿಶಿನ, ಉಕ್ಕದಂತೆ ಒಂದು ಚಮಚ ಎಣ್ಣೆ. ಉಪ್ಪು, ಹುಣಸೆಹುಳಿ ಈಗ ಬೇಡ. ಹುಳಿ ಬಿದ್ದರೆ ಬೇಳೆ ಮೆತ್ತಗಾಗದು. ಎತ್ತರದ ಜಾಗದಲ್ಲಿ ಸಮಯ ಇನ್ನೂ ಹೆಚ್ಚು. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿರುವ ಚಿಕ್ಕಮಗಳೂರು, ಮಡಿಕೇರಿಯಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನಲ್ಲಿ ಮುಕ್ಕಾಲು ಗಂಟೆಗೆ ಬೆಂದ ಬೇಳೆ ಅಲ್ಲಿ ಒಂದು ಗಂಟೆ ತೆಗೆದುಕೊಂಡರೆ ಬೇಳೆಯನ್ನು ಬಯ್ಯಬೇಡಿ.

5.30ಕ್ಕೆ ಮೊದಲ ಕೆಂಡ ಬಿದ್ದಿರುತ್ತದೆ. ಇಕ್ಕಳದಿಂದ ಎರಡು ಮೂರು ಬೊಗಸೆಯಷ್ಟನ್ನು ಪಕ್ಕದ ಒಲೆಗೆ ಎಳೆದು, ಕುದಿಯುತ್ತಿರುವ ಬೇಳೆಯನ್ನು ಅದರ ಮೇಲಿಡಿ. ಸಣ್ಣಗೆ ಗುಳುಗುಳು ಕುದಿಯುತ್ತಿರಬೇಕು. ಕುದಿ ನಿಂತರೆ ಹೊಸ ಕೆಂಡ ಎಳೆಯಿರಿ; ಸೌದೆ ತುರುಕಬೇಡಿ. ಖಾಲಿಯಾದ ಉರಿಯ ಒಲೆಗೆ ಅನ್ನದ ಪಾತ್ರೆ, 4 ಲೀಟರ್ ನೀರು, ಮುಚ್ಚಳ.

5.55ರ ಹೊತ್ತಿಗೆ ಆ ನೀರು ಮಳ್ಳುತ್ತದೆ. ಅಕ್ಕಿ ಹಾಕಿ ಒಮ್ಮೆ ತಿರುವಿ. ಬಯಲಲ್ಲಿ ಅಕ್ಕಿಗೆ ಎರಡರಷ್ಟು ನೀರಿಟ್ಟು ಇಂಗಿಸುವ ಪದ್ಧತಿ ಬೇಡವೇ ಬೇಡ. ಉರಿ ಒಂದೇ ಸಮ ಇರುವುದಿಲ್ಲವಾದ್ದರಿಂದ ತಳ ಸೀಯುವುದು ಅಲ್ಲೇ. ಧಾರಾಳ ನೀರಿಟ್ಟು ಗಂಜಿ ಬಸಿಯುವುದೇ ಸರಿ. ಹನ್ನೆರಡು ನಿಮಿಷಕ್ಕೆ ಒಂದು ಅಗುಳು ತೆಗೆದು ಹಿಸುಕಿ ನೋಡಿ. ನಡುವೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಉಳಿದಾಗ ಇಳಿಸಿ. ಚಿಬ್ಬಲು (ಗಂಜಿ ಬಸಿಯಲು ಪಾತ್ರೆಯ ಬಾಯಿಗೆ ಹಿಡಿಯುವ ಬಿದಿರಿನ ತಟ್ಟೆ) ಮುಚ್ಚಿ ಇಬ್ಬರು ಸೇರಿ ಬಸಿಯಿರಿ, ಒಬ್ಬರು ಬೇಡ. ಆಮೇಲೆ ತೆಳುವಾದ ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ನಾಲ್ಕು ಕೆಂಡ ಹಾಕಿ ಎಂಟು ನಿಮಿಷ ಬಿಟ್ಟರೆ ಆ ಚುಕ್ಕೆಯೂ ಬೆಂದು ಅನ್ನ ಉದುರುದುರಾಗುತ್ತದೆ. ಕುಚ್ಚಲಕ್ಕಿಯಾದರೆ ಈ ವೇಳಾಪಟ್ಟಿ ನಡೆಯದು, ಅದನ್ನು ಬೇಳೆಗೂ ಮೊದಲೇ ಇಡಬೇಕು.

ಅನ್ನ ಕುದಿಯುವಾಗಲೇ ಬದನೆಕಾಯಿ. ದೊಡ್ಡದು ಎರಡು, ಉಡುಪಿ ಕಡೆಯ ಗುಳ್ಳ ಸಿಕ್ಕರೆ ಬೇರೆ ಮಾತೇ ಇಲ್ಲ. ಚಾಕುವಿನಿಂದ ನಾಲ್ಕೈದು ಕಡೆ ಚುಚ್ಚಿ, ಎಣ್ಣೆ ಸವರಿ, ಬೂದಿ ಕವಿಯತೊಡಗಿದ ಕೆಂಡದ ಮೇಲೆ ನೇರವಾಗಿ ಇಡಿ. ಚುಚ್ಚದ ಕಾಯಿ ಒಡೆದು ಬಿಸಿ ತಿರುಳು ಮುಖಕ್ಕೆ ಹಾರುತ್ತದೆ. ಹಸಿಮೆಣಸಿನಕಾಯಿಗೂ ಇದೇ ನಿಯಮ. ಮೊದಲು ಸಿಪ್ಪೆಯ ಹೊಳಪು ಹೋಗುತ್ತದೆ, ಆಮೇಲೆ ಕರಿಯಾಗಿ ಸುಕ್ಕುಗಟ್ಟುತ್ತದೆ, ಚುಚ್ಚಿದ ತೂತಿನಿಂದ ಕಂದು ರಸ ಒಸರಿ ಕೆಂಡಕ್ಕೆ ಬಿದ್ದು ಚುಂಯ್ ಎನ್ನುತ್ತದೆ. ಅಲ್ಲಿಗೇ ಆಯಿತು ಅಂದುಕೊಳ್ಳಬೇಡಿ. ತೊಟ್ಟಿನ ಬುಡ ಕೊನೆಗೆ ಬೇಯುತ್ತದೆ. ಅಲ್ಲಿ ಒತ್ತಿದರೆ ಇಕ್ಕಳ ಒಳಗಿಳಿಯಬೇಕು. ತಿರುಗಿಸುತ್ತಾ ಇಪ್ಪತ್ತು ನಿಮಿಷ. ತಟ್ಟೆ ಮುಚ್ಚಿ ಐದು ನಿಮಿಷ ಬಿಟ್ಟು ಸಿಪ್ಪೆ ಸುಲಿಯಿರಿ. ನೀರಿನಲ್ಲಿ ತೊಳೆದರೆ ಸುಟ್ಟ ಘಮವೂ ತೊಳೆದುಹೋಗುತ್ತದೆ. ಕೈಯಲ್ಲೇ ಕಿವುಚಿ ಹುಣಸೆರಸ, ಬೆಲ್ಲ, ಉಪ್ಪು, ಸುಟ್ಟ ಮೆಣಸಿನಕಾಯಿ ಸೇರಿಸಿ, ಮೇಲೆ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ.

6.20ಕ್ಕೆ ಬೇಳೆ ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಾಗಬೇಕು. ಹುಳಿ, ಉಪ್ಪು, ಸಾರಿನ ಪುಡಿ ಹಾಕಿ ಉರಿಯ ಒಲೆಯಲ್ಲಿ ಒಂದು ಕುದಿ, ಒಗ್ಗರಣೆ. ಬಾಣಲೆ ಉರಿಯ ಮೇಲೆ ನೋಡುನೋಡುತ್ತಲೇ ಕಾಯುವುದರಿಂದ ಸಾಸಿವೆ, ಕರಿಬೇವು, ಇಂಗು ಮೊದಲೇ ಕೈಯಲ್ಲಿರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ತಟ್ಟೆ ಮುಚ್ಚಿ ಇಳಿಸಿ.

ಕೋಳಿ ಸುಡುವವರಿಗೆ: ಉರಿ ಪೂರ್ತಿ ಇಳಿದು ಕೆಂಡ ಬೂದಿ ಹೊದೆಯುವವರೆಗೆ ಕಾಯಿರಿ. ಅಂಗೈಯನ್ನು ಮುಕ್ಕಾಲು ಗೇಣು ಮೇಲೆ ಹಿಡಿದು ನಾಲ್ಕೈದು ಎಣಿಸುವಷ್ಟರಲ್ಲಿ ಕೈ ಹಿಂತೆಗೆಯಬೇಕು ಅನ್ನಿಸಿದರೆ ಹದ ಸರಿ. ಎರಡಕ್ಕೇ ತೆಗೆದರೆ ಹೊರಗೆ ಕರಿ, ಒಳಗೆ ಹಸಿ. ಮೂಳೆಯ ಪಕ್ಕ ಕೊಯ್ದಾಗ ಕೆಂಪು ರಸ ಬರಬಾರದು. ಮಸಾಲೆ ಹಚ್ಚಿದ ಮಾಂಸವನ್ನು ಐಸ್ ಪೆಟ್ಟಿಗೆಯಿಲ್ಲದೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ.

ಊಟಕ್ಕೆ ಕೂರುವ ಮೊದಲು ಉಳಿದ ಬಿಸಿ ಬೂದಿಯಲ್ಲಿ ನಾಲ್ಕು ಗೆಣಸು ಹೂತಿಡಿ. ಮುಕ್ಕಾಲು ಗಂಟೆಗೆ ಬೆಂದಿರುತ್ತವೆ.

## ಹಂತ 6: ಆರಿಸುವುದು

ಮಲಗುವುದಕ್ಕೆ ಅಥವಾ ಹೊರಡುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಶುರುಮಾಡಿ. ಬಹುಪಾಲು ಜನ ಕೆಂಡದ ಮೇಲೆ ಮಣ್ಣು ಎಳೆದು ಹೋಗಿಬಿಡುತ್ತಾರೆ. ಮಣ್ಣು ಕೆಂಡವನ್ನು ಆರಿಸದು, ಬೆಚ್ಚಗೆ ಕಾಪಾಡುತ್ತದೆ. ಹಳ್ಳಿಮನೆಗಳಲ್ಲಿ ಮರುದಿನದ ಒಲೆಗೆಂದು ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದುದು ಇದೇ ಕಾರಣಕ್ಕೆ. ಬೆಳಗ್ಗೆ ಗಾಳಿ ಎದ್ದಾಗ ಮಣ್ಣು ಸರಿದು ಕಿಡಿ ಹಾರುತ್ತದೆ.

1. ಅರೆ ಉರಿದ ಕೊಳ್ಳಿಗಳನ್ನು ಬೇರೆ ಮಾಡಿ, ಒಂದೊಂದನ್ನೂ ನೀರಲ್ಲಿ ಅದ್ದಿ.
2. ಕೆಂಡವನ್ನು ತೆಳುವಾಗಿ ಹರಡಿ, ಗಾಳಿ ಬರುವ ಕಡೆ ನಿಂತು ನೀರು ಚಿಮುಕಿಸಿ. ಒಮ್ಮೆಲೇ ಸುರಿದರೆ ಬಿಸಿ ಆವಿ, ಬೂದಿ ಮುಖಕ್ಕೇರುತ್ತದೆ.
3. ಸಲಿಕೆಯಿಂದ ಕೆದಕಿ, ಮತ್ತೆ ನೀರು, ಮತ್ತೆ ಕೆದಕಿ. ಸುಯ್ ಎನ್ನುವ ಸದ್ದು ಪೂರ್ತಿ ನಿಲ್ಲಬೇಕು.
4. ಒಲೆಯ ಕಲ್ಲುಗಳನ್ನು ಮಗುಚಿ, ಅಡಿಗೂ ನೀರು ಹಾಕಿ. ಕೆಂಡ ಅವಿತಿರುವುದು ಅಲ್ಲೇ.
5. ಬೂದಿಯ ಮೇಲೆ ಅಂಗೈಯ ಹಿಂಬದಿ ಹಿಡಿದು ನೋಡಿ. ಶಾಖ ಹೊಡೆಯದಿದ್ದರೆ ಬೂದಿಯೊಳಗೇ ಕೈಯಿಟ್ಟು ನೋಡಿ. ಬೆಚ್ಚಗಿದ್ದರೂ ಇನ್ನೊಂದು ಸುತ್ತು.

ಚಳಿಯೆಂದು ಕೆಂಡದ ಬಾಂಡ್ಲಿಯನ್ನು ಟೆಂಟಿನೊಳಗೆ ಒಯ್ಯಬೇಡಿ. ಹೊಗೆಯಿಲ್ಲದ ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ಮಂಪರು ಬರುವಷ್ಟರಲ್ಲಿ ಏಳುವ ಶಕ್ತಿ ಇರುವುದಿಲ್ಲ. ಉಳಿದ ಅನ್ನ, ಸಾರು, ಉಪ್ಪಿನ ಡಬ್ಬಿಗಳನ್ನೂ ಟೆಂಟಿನಲ್ಲಿ ಇಟ್ಟುಕೊಳ್ಳದೆ ಕಾರಿನಲ್ಲೋ ತೋಟದ ಮನೆಯಲ್ಲೋ ಇಡಿ.

ಕೈ ಸುಟ್ಟರೆ ತಣ್ಣನೆ ನೀರನ್ನು ಇಪ್ಪತ್ತು ನಿಮಿಷ ಹರಿಸಿ, ಸ್ವಚ್ಛ ಬಟ್ಟೆ ಮುಚ್ಚಿ. ಟೂತ್‌ಪೇಸ್ಟ್, ಅರಿಶಿನ, ಶಾಯಿ ಬೇಡ. ಬೊಬ್ಬೆ ಅಂಗೈಗಿಂತ ದೊಡ್ಡದಾದರೆ ಆಸ್ಪತ್ರೆಗೆ ಹೊರಡಿ. ಬೆಂಕಿ ಸುತ್ತಲಿನ ಹುಲ್ಲಿಗೆ ದಾಟಿ, ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದು ಎರಡು ನಿಮಿಷದಲ್ಲಿ ಹತೋಟಿಗೆ ಬರದಿದ್ದರೆ ಎಲ್ಲರನ್ನೂ ಗಾಳಿಗೆ ಎದುರು ದಿಕ್ಕಿಗೆ ಕರೆದೊಯ್ದು 112 ಅಥವಾ 101ಕ್ಕೆ, ಕಾಡಿನ ಅಂಚಾದರೆ ಅರಣ್ಯ ಸಹಾಯವಾಣಿ 1926ಕ್ಕೂ ಕರೆ ಮಾಡಿ. ಹತ್ತಿರದ ಊರು, ತೋಟ, ಮೈಲಿಗಲ್ಲಿನ ಹೆಸರನ್ನು ಹಗಲಿರುವಾಗಲೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಆ ಹೊತ್ತಿನಲ್ಲಿ ತಡಕಾಡುವ ಪ್ರಸಂಗ ಬರುವುದಿಲ್ಲ.